ಮಗಳ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದಾನೆ, ಚಾಟ್ ಅಳಿಸಿ ಬ್ಲಾಕ್ ಮಾಡಿದರೆ ಸಾಕಾ?

ಸಾಲದು ಅಕ್ಕಾ. ದಯವಿಟ್ಟು ಏನನ್ನೂ ಅಳಿಸಬೇಡಿ. ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದವನು 13 ವರ್ಷದ ಮಗಳಿಂದ ಫೋಟೋ ತರಿಸಿಕೊಂಡು, ಇನ್ನೂ ಕಳಿಸದಿದ್ದರೆ ಎಲ್ಲರಿಗೂ ಹಂಚುತ್ತೇನೆ ಅಂತಿದ್ದಾನೆ ಎಂದು ಬರೆದಿದ್ದೀರಿ. ಆ ಚಾಟೇ ಸಾಕ್ಷಿ. ಕಳಿಸಿದ ಮೆಸೇಜನ್ನು ಅವನೇ ಅಳಿಸಿಬಿಡಬಹುದು, ಹಾಗಾಗಿ ಬೆದರಿಕೆಯ ಮಾತು, ಅವನ ಐಡಿ, ಪ್ರೊಫೈಲ್ ಲಿಂಕ್ ಎಲ್ಲದರ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ. ಬ್ಲಾಕ್ ಆಮೇಲೆ. ದುಡ್ಡು ಕೇಳಿದರೆ ಕೊಡಲೇಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಮತ್ತೆ ಕೇಳುತ್ತಾನೆ.

ಮಗಳ ಫೋಟೋವನ್ನು ಮಾತ್ರ ಯಾರಿಗೂ ಕಳಿಸಬೇಡಿ, 'ನೋಡು ಹಿಂಗಾಗಿದೆ' ಅಂತ ಸ್ವಂತ ತಮ್ಮನಿಗೂ ಬೇಡ. ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಸೆಕ್ಷನ್ ಪ್ರಕಾರ ಅಪರಾಧ. ಪೊಲೀಸರಿಗೆ ಫೋನನ್ನೇ ತೋರಿಸಿ.

ಪೊಲೀಸ್ ಅಂದರೆ ಓಣಿಗೆಲ್ಲ ಗೊತ್ತಾಗುತ್ತೆ, ನಾಳೆ ಮದುವೆಗೆ ತೊಂದರೆ ಅಂತ ಭಯಪಟ್ಟಿದ್ದೀರಿ. ನಾನೂ ದಾವಣಗೆರೆಯವಳೇ, ಹೈಸ್ಕೂಲ್ ಟೀಚರ್. ಎಷ್ಟೋ ತಾಯಂದಿರ ಬಾಯಲ್ಲಿ ಈ ಮಾತು ಕೇಳಿದ್ದೇನೆ. ಆದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆ ಮಗುವಿಗೆ ರಕ್ಷಣೆ ಕೊಟ್ಟಿದೆ. ಹೇಳಿಕೆಯನ್ನು ನಿಮ್ಮ ಮನೆಯಲ್ಲೇ ಬರೆದುಕೊಳ್ಳಬಹುದು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಸರು, ವಿಳಾಸ, ಶಾಲೆ ಯಾವುದೂ ಪೇಪರ್‌ನಲ್ಲಿ ಬರುವಂತಿಲ್ಲ. ಇದನ್ನು ಧೈರ್ಯವಾಗಿ ಕೇಳಿ, ಇದು ನಿಮ್ಮ ಹಕ್ಕು.

ನಮ್ಮ ಊರಲ್ಲೇ ಸಿಇಎನ್ ಠಾಣೆ ಇದೆ, ಸೈಬರ್ ಅಪರಾಧ ನೋಡುವುದು ಅವರೇ. ಠಾಣೆಗೆ ಹೋಗಲು ಕಾಲೇ ಬರುತ್ತಿಲ್ಲ ಅಂದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ಹೆಸರು ಹೇಳದೆಯೂ ಕೊಡಬಹುದು, ಆದರೆ ಅವನನ್ನು ಹಿಡಿಯಬೇಕು ಅಂದರೆ ಹೆಸರು ಕೊಟ್ಟೇ ಬರೆಸಿ.

ಫೋಟೋ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಅದನ್ನು ಇಟ್ಟುಕೊಂಡು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಆ ಚಿತ್ರವನ್ನು ಪತ್ತೆಹಚ್ಚಿ ತೆಗೆಯುತ್ತವೆ. ವಾಟ್ಸಾಪ್‌ನ ಖಾಸಗಿ ಚಾಟ್‌ಗೆ ಇದು ತಲುಪುವುದಿಲ್ಲ, ಅದಕ್ಕೇ ದೂರೂ ಬೇಕು.

ಇನ್ನು ಮಗಳು. ಶಾಲೆ ಬಿಡಿಸುವ ಮಾತು ಎತ್ತಿದ್ದೀರಿ, ಅದು ಬೇಡ. ತಪ್ಪು ಅವನದು. ಈ ಹುಡುಗಿ ಮನೇಲಿ ಹೇಳುವುದಿಲ್ಲ ಅನ್ನುವ ನಂಬಿಕೆಯ ಮೇಲೇ ಅವನು ಆಟ ಆಡುತ್ತಿದ್ದ. ಅವಳು ನಿಮ್ಮ ಹತ್ತಿರ ಬಂದು ಹೇಳಿದಳಲ್ವಾ? ಈಗ ಶಿಕ್ಷೆ ಕೊಟ್ಟರೆ ಇನ್ನೊಮ್ಮೆ ಹೇಳಲಾರಳು. ಊಟ, ನಿದ್ದೆ ಬಿಟ್ಟಿದ್ದರೆ 1098ರವರಿಗೆ ಅದನ್ನೂ ಹೇಳಿ, ಆಪ್ತ ಸಮಾಲೋಚಕರ ನೆರವು ಕೇಳಿ.