ಸುದ್ದಿಯ ಕೆಳಗಿನ ನನ್ನ ಕಾಮೆಂಟ್ ಅಳಿಸಿದರೆ ಅದು ಸೆನ್ಸಾರ್‌ಶಿಪ್ಪಾ?

ಅಳಿಸಿದ್ದು ಯಾರು ಅನ್ನೋದನ್ನ ಮೊದಲು ನೋಡಿ. ಸಂವಿಧಾನದ 19(1)(ಎ) ವಿಧಿ ಕೊಡುವ ಮಾತಿನ ಸ್ವಾತಂತ್ರ್ಯ ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತದೆ. ಪತ್ರಿಕೆಯವರು ತಮ್ಮ ಸೈಟಿನಲ್ಲಿ ಅಳಿಸಿದರೆ ಬೇಜಾರಾಗಬಹುದು, ಆದರೆ ಅದು ಅವರ ಜಗಲಿ. ಅಮೆರಿಕದ ರೇಡಿಯೊ ಸುದ್ದಿಸಂಸ್ಥೆ ಎನ್‌ಪಿಆರ್ 2016ರಲ್ಲಿ ಕಾಮೆಂಟ್ ವಿಭಾಗವನ್ನೇ ಮುಚ್ಚಿಬಿಟ್ಟಿತು.

ಸರ್ಕಾರದ ಕಥೆ ಬೇರೆ. 2012ರಲ್ಲಿ ಶಿವಸೇನೆ ನಾಯಕ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಯಿತು. ಅದನ್ನು ಪ್ರಶ್ನಿಸಿ ಪಾಲ್ಘರ್‌ನ ಒಬ್ಬ ಯುವತಿ ಫೇಸ್‌ಬುಕ್‌ನಲ್ಲಿ ಬರೆದರು, ಇನ್ನೊಬ್ಬರು ಸುಮ್ನೆ ಲೈಕ್ ಒತ್ತಿದರು. ಇಬ್ಬರನ್ನೂ ಬಂಧಿಸಿದರು! ಆಗ ಬಳಸಿದ್ದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಸೆಕ್ಷನ್. ‘ಕಿರಿಕಿರಿ’ ಮಾಡಿದರೂ 3 ವರ್ಷದವರೆಗೆ ಜೈಲು. ಯಾರಿಗೆ ಕಿರಿಕಿರಿ, ಎಷ್ಟು ಕಿರಿಕಿರಿ ಅನ್ನೋದಕ್ಕೆ ಅಳತೆಯೇ ಇರಲಿಲ್ಲ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಆದರೆ ಅದೇ ತೀರ್ಪು ಅದೇ ಕಾಯ್ದೆಯ 69ಎ ಸೆಕ್ಷನ್ನನ್ನು ಉಳಿಸಿತು. ಇದರಡಿ ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಕ್ಕೆ ಪೋಸ್ಟ್, ಖಾತೆ ತಡೆಯಲು ಕೇಂದ್ರ ಆದೇಶಿಸಬಹುದು. ನನಗೆ ಜಾಸ್ತಿ ಚಿಂತೆ ಇರೋದು ಇಲ್ಲೇ. ಈ ಆದೇಶಗಳು ಗುಟ್ಟಾಗಿರುತ್ತವೆ. ಬರೆದವರಿಗೇ ಕಾರಣ ಗೊತ್ತಾಗದಿದ್ದರೆ ಕೋರ್ಟಿಗೆ ಹೋಗೋದು ಹೇಗೆ, ಅಲ್ವಾ? ಇಂಥ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಕಂಪನಿ ನಮ್ಮ ಕರ್ನಾಟಕ ಹೈಕೋರ್ಟಿಗೆ ಬಂದಿತ್ತು. 2023ರ ಜೂನ್‌ನಲ್ಲಿ ಏಕಸದಸ್ಯ ಪೀಠ ಅರ್ಜಿ ತಳ್ಳಿಹಾಕಿ, 50 ಲಕ್ಷ ರೂಪಾಯಿ ದಂಡ ಕಟ್ಟಲು ಕಂಪನಿಗೆ ಹೇಳಿತು.

ನಿಮ್ಮ ಕಾಮೆಂಟನ್ನು ಫೇಸ್‌ಬುಕ್, ಯೂಟ್ಯೂಬ್‌ನಂಥ ಕಂಪನಿಯೇ ತೆಗೆದಿದ್ದರೆ ಅದರ ದೂರು ಅಧಿಕಾರಿಗೆ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ಅಂಥ ಅಧಿಕಾರಿ ಇರಲೇಬೇಕು.