ಪಿಕಪ್ ತಗೊಳ್ಳೋ ಮೊದಲು ವರ್ಕ್‌ಶಾಪ್ ನೋಡಿ ಬನ್ನಿ

ಶ್ರೀನಿವಾಸಪುರದ ಬ್ರದರ್, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಾಲ್ಕು ಎಕರೆ ಟಮೋಟ, ಜೊತೆಗೆ ಮಾವಿನ ತೋಪು, ಒಂದು ಸಲಕ್ಕೆ 80ರಿಂದ 100 ಬಾಕ್ಸ್ ಕೋಲಾರದ ಮಂಡಿಗೆ, ರೇಟು ನೋಡಿಕೊಂಡು ಒಮ್ಮೊಮ್ಮೆ ಮದನಪಲ್ಲಿಗೆ. ಮಹೀಂದ್ರ ಬೊಲೆರೊ ಪಿಕಪ್ಪೋ ಅಶೋಕ್ ಲೇಲ್ಯಾಂಡ್ ದೋಸ್ತೋ ಅಂತ ಕೇಳಿದ್ದೀರಿ. ಒಂದು ಗಾಡಿಯ ವರ್ಕ್‌ಶಾಪ್ 25 ಕಿ.ಮೀ.ನಲ್ಲಿದೆ, ಇನ್ನೊಂದರದು 80 ಕಿ.ಮೀ. ಆಚೆ, ಆದರೆ ದೂರದವರು 40 ಸಾವಿರ ಕಮ್ಮಿಗೆ ಕೊಡ್ತಾರೆ ಅಂದಿದ್ದೀರಿ. ನಿಮ್ಮ ಪ್ರಶ್ನೆಗೆ ಮೇಲೆ ಬಂದಿರೋ ಹದಿನೈದು ಉತ್ತರಗಳಲ್ಲಿ ಹೆಚ್ಚಾಗಿ ಮೈಲೇಜು, ಇಂಜಿನ್ ಎಳೆತ, ರೀಸೇಲು. ವರ್ಕ್‌ಶಾಪ್ ಹೇಗಿದೆ ಅಂತ ನೋಡಿ ಬನ್ನಿ ಅಂತ ಯಾರೂ ಹೇಳಿಲ್ಲ.

ನನ್ನ ಕಥೆ ಕೇಳಿ. ನಾನಿರೋದು ಮುಳಬಾಗಿಲು ಕಡೆ. ಮೊದಲ ಪಿಕಪ್ ತಗೊಂಡಾಗ ನಾನೂ 30 ಸಾವಿರ ಡಿಸ್ಕೌಂಟ್ ನೋಡೇ ಬಿದ್ದೆ. ಕಂಪನಿ ಹೆಸರು, ಡೀಲರ್ ಹೆಸರು ಇಲ್ಲಿ ಬೇಡ. ಎರಡು ವರ್ಷ ಚೆನ್ನಾಗೇ ಓಡಿತು. ಮೂರನೇ ವರ್ಷ ಟಮೋಟ ಕೊಯ್ಲು ಜೋರಾಗಿರೋವಾಗ ಮೀಟರಲ್ಲಿ ಹಳದಿ ಲೈಟ್ ಬಂತು, ಗಾಡಿ ಎಳೀತಾ ಇಲ್ಲ. ಟೋ ಮಾಡಿಸಿದ್ದಕ್ಕೇ 6 ಸಾವಿರ. ಸೈಲೆನ್ಸರ್ ಲೈನಿನ ಒಂದು ಸೆನ್ಸರ್ ಹೋಗಿದೆ, ಸ್ಟಾಕ್ ಇಲ್ಲ, ಆರ್ಡರ್ ಹಾಕಿದ್ದೀವಿ ಅಂದರು. ಫೋನ್ ಮಾಡಿದಾಗೆಲ್ಲ 'ನಾಳೆ ಸಾರ್'. ಹನ್ನೊಂದು ದಿನ.

ಟಮೋಟಕ್ಕೆ 'ನಾಳೆ' ಅರ್ಥ ಆಗಲ್ಲವಲ್ಲ. ದೋರುಗಾಯಲ್ಲಿ ಬಿಡಿಸಬೇಕಾದ್ದು ಎರಡು ದಿನ ಬಿಟ್ಟರೆ ಗಿಡದಲ್ಲೇ ಮೆತ್ತಗಾಗುತ್ತೆ. ಮೂರು ದಿನಕ್ಕೊಂದು ಕೊಯ್ಲು, ನಾಲ್ಕು ಸಲ ಬಾಡಿಗೆ ಗಾಡಿ, ತಲಾ 2,800. ಮಧ್ಯದ ದಿನಗಳಲ್ಲಿ ಊರಿನವರ ಮಾಲು ಹಾಕ್ತಿದ್ದೆ, ಆ ಏಳು ಟ್ರಿಪ್ 2,500ರ ಲೆಕ್ಕದಲ್ಲಿ ಹೋಯಿತು. ಟೋ ಸೇರಿಸಿದರೆ 34,700. ಸೆನ್ಸರ್‌ಗೆ ವಾರಂಟಿಯಲ್ಲಿ ದುಡ್ಡು ತಗೊಳ್ಳಲಿಲ್ಲ, ಅದೊಂದು ಸಮಾಧಾನ. ಆದರೂ ಡಿಸ್ಕೌಂಟ್ ಪೂರ್ತಿ ಹೋಗಿ ಮೇಲೆ ಕೈಯಿಂದಲೂ ಬಿತ್ತು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ: ಆ ಹನ್ನೊಂದು ದಿನದಲ್ಲಿ ಬೇರೆ ಗಾಡಿ ಹಿಡಿದ ಮೂರು ಮನೆಯವರು ಮತ್ತೆ ನನ್ನ ಹತ್ತಿರ ಬರಲೇ ಇಲ್ಲ.

ಹಾಗಂತ ಹತ್ತಿರ ಇರೋದೆಲ್ಲ ಒಳ್ಳೇದು ಅಂತಲ್ಲ. ಹತ್ತಿರದಲ್ಲೇ ಇದ್ದು ಗಾಡಿ ಒಳಗೆ ಹಾಕಿಕೊಂಡು ಕೂರೋ ವರ್ಕ್‌ಶಾಪುಗಳೂ ಇವೆ. ಶೋರೂಮಿನ ಎಸಿಯಲ್ಲಿ ಕೂತು ಕಾಫಿ ಕುಡಿದರೆ ಇದು ತಿಳಿಯಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸೀದಾ ಹಿಂದಿನ ಶೆಡ್ಡಿಗೆ ಹೋಗಿ. ಎಷ್ಟು ಗಾಡಿ ನಿಂತಿವೆ ಅನ್ನೋದಕ್ಕಿಂತ ಎಷ್ಟು ಗಾಡಿ ಮೇಲೆ ಧೂಳು ಕೂತಿದೆ ನೋಡಿ. ಗ್ಲಾಸ್ ಮೇಲೆ ಧೂಳು ದಪ್ಪಗಿದ್ದರೆ ಪಾರ್ಟ್ಸ್‌ಗೆ ಕಾಯ್ತಾ ಇದೆ ಅಂತಲೇ ತಿಳ್ಕೊಳ್ಳಿ. ಹೊರಗೆ ಟೀ ಅಂಗಡಿಯಲ್ಲಿ ಡ್ರೈವರ್‌ಗಳು ಕೂತಿರ್ತಾರೆ, 'ಅಣ್ಣ, ಎಷ್ಟು ದಿನ ಆಯ್ತು ಬಿಟ್ಟು?' ಅಂತ ಕೇಳಿ. ಅವರಿಗೆ ಕಮಿಷನ್ ಇಲ್ಲ, ನಿಜ ಹೇಳ್ತಾರೆ.

ಆಮೇಲೆ ಪಾರ್ಟ್ಸ್ ಕೌಂಟರ್. ನೀವು ನೋಡಿರೋ ಮಾಡಲ್ ಹೆಸರು ಹೇಳಿ ಐದು ಐಟಂ ಕೇಳಿ: ಕ್ಲಚ್ ಸೆಟ್, ಡೀಸೆಲ್ ಫಿಲ್ಟರ್, ಮುಂದಿನ ವೀಲ್ ಬೇರಿಂಗ್, ಆಲ್ಟರ್ನೇಟರ್ ಬೆಲ್ಟ್, ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್ (ಸೈಲೆನ್ಸರ್ ಲೈನಿನ ಬಿಸಿ ಅಳೆಯೋದು). ರೇಟು ಬರೆಸಿಕೊಳ್ಳಿ, ಈಗ ಕೈಯಲ್ಲಿದೆಯಾ ಕೇಳಿ. ಮೊದಲ ನಾಲ್ಕು ಇಲ್ಲ ಅಂದರೆ ಆ ಜಾಗ ಮರೆತುಬಿಡಿ. ಐದನೆಯದು ಇಲ್ಲದಿದ್ದರೂ ಎಷ್ಟು ದಿನಕ್ಕೆ ತರಿಸ್ತೀರಿ ಅಂದಾಗ ಕಂಪ್ಯೂಟರ್ ನೋಡಿ ಹೇಳ್ತಾರಾ, ಬಾಯಿಗೆ ಬಂದಿದ್ದು ಹೇಳ್ತಾರಾ, ಅದನ್ನ ಗಮನಿಸಿ. ಗಾಡಿಯ ದೋಷ ಓದೋ ಸ್ಕ್ಯಾನರ್ ಹಿಡಿದು ಕೆಲಸ ಮಾಡೋ ಹುಡುಗರು ಎಷ್ಟು ಜನ ಇದ್ದಾರೆ ಅಂತಲೂ ಕೇಳಿ. ಒಬ್ಬನೇ ಇದ್ದರೆ ಅವನು ರಜೆ ಹಾಕಿದ ದಿನ ನಿಮಗೂ ರಜೆ.

'ನಮ್ಮೂರ ಮೆಕ್ಯಾನಿಕ್ ಸಾಕು, ಕಂಪನಿ ವರ್ಕ್‌ಶಾಪ್ ಯಾಕೆ' ಅಂತ ಮೇಲೆ ಒಬ್ಬರು ಬರೆದಿದ್ದಾರೆ. ಹಳೇ ಗಾಡಿಗೆ ಆ ಮಾತು ಸರಿ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಪಿಕಪ್ಪಿನ ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯೋ ಫಿಲ್ಟರ್ ಕೂತಿದೆ, ಡಿಪಿಎಫ್ ಅಂತಾರೆ. ಗಾಡಿ ಬಿಸಿಯಾಗಿ ಒಂದೇ ಸ್ಪೀಡಲ್ಲಿ ಸ್ವಲ್ಪ ಹೊತ್ತು ಓಡಿದರೆ ಅದರೊಳಗಿನ ಮಸಿ ತಾನೇ ಸುಟ್ಟು ಹೋಗುತ್ತೆ. ನಮ್ಮ ಓಡಾಟ ಹೇಗಿದೆ? ತೋಟದಿಂದ ಊರಿಗೆ ಎರಡನೇ ಗೇರಲ್ಲಿ, ಮಂಡಿ ಗೇಟಿನ ಕ್ಯೂನಲ್ಲಿ ಇಂಜಿನ್ ಆಫ್ ಮಾಡದೆ ಅರ್ಧ ಗಂಟೆ. ಮಸಿ ಕಟ್ಟದೆ ಇನ್ನೇನಾಗುತ್ತೆ. ಡಿಪಿಎಫ್ ಲೈಟ್ ಬಂದ ದಿನವೇ ಹೈವೇಗೆ ಹೋಗಿ ಸಮನಾಗಿ ಓಡಿಸಿ ಬನ್ನಿ, ಕೈಪಿಡಿಯಲ್ಲಿ ವಿಧಾನ ಇರುತ್ತೆ. ಲೈಟ್ ನೋಡಿಯೂ ವಾರಗಟ್ಟಲೆ ಓಡಿಸಿದರೆ ಸ್ಕ್ಯಾನರ್ ಹಾಕಿ ಕ್ಲೀನ್ ಮಾಡಿಸಬೇಕು, ಅದೂ ಮೀರಿದರೆ ಫಿಲ್ಟರ್ರೇ ಬದಲಾಯಿಸಬೇಕು, ಆ ಬಿಲ್ಲು ನೋಡಿದರೆ ರಾತ್ರಿ ನಿದ್ದೆ ಬರಲ್ಲ.

ಇನ್ನೊಂದು, ನಗಬೇಡಿ. ಕೆಲವು ಮಾಡಲ್‌ಗಳಿಗೆ ಡಿಇಎಫ್ ಅನ್ನೋ ಯೂರಿಯಾ ದ್ರಾವಣ ಹಾಕಬೇಕು. ಅದರಲ್ಲಿ ಶುದ್ಧ ಯೂರಿಯಾ 32.5%, ಉಳಿದದ್ದು ಖನಿಜ ತೆಗೆದ ನೀರು. 'ಮನೆಯಲ್ಲೇ ಮೂಟೆ ಇದೆಯಲ್ಲ' ಅಂತ ಹೊಲಕ್ಕೆ ತಂದ ಯೂರಿಯಾನ ಬೋರ್ ನೀರಿಗೆ ಕಲಸಿ ಹಾಕೋಕೆ ಹೋಗಬೇಡಿ. ನಮಗೆ ಸಿಗೋದು ಬೇವಿನೆಣ್ಣೆ ಲೇಪಿಸಿದ್ದು, ನಮ್ಮ ಬೋರ್ ನೀರೋ ಪಾತ್ರೆಗೇ ಬಿಳಿ ಪದರ ಕಟ್ಟೋವಷ್ಟು ಗಡಸು. ಪಂಪು, ನಳಿಕೆ ಎಲ್ಲ ಕಟ್ಟಿಕೊಂಡು ವಾರಂಟಿಯೂ ಹೋಗುತ್ತೆ.

ಈಗ ಗಾಡಿ ವಿಚಾರ. 100 ಬಾಕ್ಸ್ ಅಂದರೆ 15 ಕೆಜಿ ಲೆಕ್ಕದಲ್ಲಿ 1,500 ಕೆಜಿ ಹಣ್ಣು, ಖಾಲಿ ಬಾಕ್ಸಿನ ತೂಕ ಸೇರಿ 1,700ರ ಹತ್ತಿರ. ಹತ್ತಿಸಿ ಇಳಿಸೋ ಇಬ್ಬರು ಹುಡುಗರು ಬೇರೆ. ದೋಸ್ತ್ ಪ್ಲಸ್ ಹೊರೋದು ಒಂದೂವರೆ ಟನ್, ಟಾಟಾ ಇಂಟ್ರಾ ವಿ50 ಕೂಡ ಅಷ್ಟೇ. ಬೊಲೆರೊ ಮ್ಯಾಕ್ಸ್ ಪಿಕಪ್‌ನಲ್ಲಿ 1.3 ಟನ್ನಿಂದ 2 ಟನ್ನಿನವರೆಗೂ ಬೇರೆಬೇರೆ ಇವೆ, ಬರೀ 'ಬೊಲೆರೊ' ಅಂದರೆ ಸಾಲದು, ಯಾವುದು ಅಂತ ನೋಡಿ. ಟಾಟಾ ಯೋಧ 2.0 ಸಹ ಎರಡು ಟನ್ನಿನದು. 80 ಬಾಕ್ಸಿಗೆ ನಿಲ್ಲಿಸ್ತೀನಿ ಅಂದರೆ ದೋಸ್ತ್ ಪ್ಲಸ್ ಸಾಕು, ಮೂರು ಸಿಲಿಂಡರಿನ ಒಂದೂವರೆ ಲೀಟರ್ ಇಂಜಿನ್, ಡೀಸೆಲ್ ಕಮ್ಮಿ ಕುಡಿಯುತ್ತೆ. ವರ್ಷಕ್ಕೆ 20,000 ಕಿ.ಮೀ. ಓಡಿಸಿದರೆ ಲೀಟರಿಗೆ 13ಕ್ಕೂ 15ಕ್ಕೂ ಸುಮಾರು 200 ಲೀಟರ್ ವ್ಯತ್ಯಾಸ, ಅದು ಸಣ್ಣದಲ್ಲ. ಆದರೆ ಮಾವಿನ ಕಾಲದಲ್ಲಿ ಕಾಯಿ ತುಂಬೋವಾಗ ಯಾರೂ ತೂಕ ನೋಡಲ್ಲ, ನೀವೂ ನೋಡಲ್ಲ. ಹಾಗಿದ್ದರೆ ಎರಡು ಟನ್ನಿನದೇ ಸರಿ. ಓವರ್‌ಲೋಡ್ ಮಾಡಿ ಅಡಿಯ ಸ್ಪ್ರಿಂಗ್ ಪ್ಲೇಟ್ ಮುರಿದರೆ ವಾರಂಟಿ ಕೇಳೋ ಮುಖ ಇರಲ್ಲ.

ಒಬ್ಬರು ಇಸುಜು ಹೇಳಿದ್ದಾರೆ. ಗಾಡಿ ಗಟ್ಟಿ, ತಯಾರಾಗೋದು ಪಕ್ಕದ ಆಂಧ್ರದ ಶ್ರೀಸಿಟಿಯಲ್ಲೇ. ಆದರೆ ಫ್ಯಾಕ್ಟರಿ ಹತ್ತಿರ ಇದ್ದ ಮಾತ್ರಕ್ಕೆ ಕ್ಲಚ್ ಪ್ಲೇಟ್ ಮನೆ ಬಾಗಿಲಿಗೆ ಬರಲ್ಲ, ಅದಕ್ಕೂ ಇದೇ ಪಾರ್ಟ್ಸ್ ಕೌಂಟರ್ ಪರೀಕ್ಷೆ ಮಾಡಿ.

ಬಹಳ ಜನ ಮರೆಯೋ ವಿಷಯ: ವಾರಂಟಿ ಕೊಡೋದು ಕಂಪನಿ, ಡೀಲರ್ ಅಲ್ಲ. ದೂರದಲ್ಲಿ ಕಮ್ಮಿಗೆ ಕೊಂಡು, ಅದೇ ಕಂಪನಿಯ ಹತ್ತಿರದ ಅಧಿಕೃತ ವರ್ಕ್‌ಶಾಪಲ್ಲಿ ಸರ್ವಿಸ್ ಮಾಡಿಸಬಹುದು. ಆದ್ದರಿಂದ 80 ಕಿ.ಮೀ. ದೂರದ ಕಂಪನಿಯವರದು ಚಿಂತಾಮಣಿಯಲ್ಲೋ ಮದನಪಲ್ಲಿಯಲ್ಲೋ ಇನ್ನೊಂದು ಸರ್ವಿಸ್ ಪಾಯಿಂಟ್ ಇದೆಯಾ ಅಂತ ಮೊದಲು ವಿಚಾರಿಸಿ. ಇದ್ದರೆ ನಿಮ್ಮ 40 ಸಾವಿರ ನಿಜಕ್ಕೂ ಉಳೀತು. ಇಲ್ಲದಿದ್ದರೆ ನಾನಾಗಿದ್ದರೆ ಹತ್ತಿರದ್ದೇ ತಗೊಳ್ತೀನಿ, ಆ ದೂರದ ರೇಟನ್ನ ಬರೆಸಿಕೊಂಡು ಬಂದು ಹತ್ತಿರದವರ ಮುಂದಿಟ್ಟು ಚೌಕಾಸಿ ಮಾಡ್ತೀನಿ. ಇನ್ಶೂರೆನ್ಸ್ ಡೀಲರ್ ಹತ್ತಿರವೇ ಮಾಡಿಸಬೇಕು ಅಂತೇನಿಲ್ಲ, ಹೊರಗೆ ಕೇಳಿ ನೋಡಿ.

ಗಾಡಿ ವರ್ಕ್‌ಶಾಪಿಗೆ ಬಿಟ್ಟಾಗೆಲ್ಲ ಜಾಬ್ ಕಾರ್ಡ್ (ಏನು ಕೆಲಸ ಅಂತ ಬರೆದು ಕೊಡೋ ಚೀಟಿ) ತಗೊಂಡು ಫೋಟೋ ಹೊಡೆದಿಡಿ, ಕಂಪ್ಲೇಂಟನ್ನ ನೀವು ಹೇಳಿದ ಮಾತಲ್ಲೇ ಬರೆಸಿ. ಮೂರು ದಿನ ದಾಟಿದರೆ ಕಂಪನಿಯ ಟೋಲ್ ಫ್ರೀಗೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ, ಡೀಲರ್ ಜೊತೆ ಜಗಳ ಆಡಿ ಲಾಭ ಇಲ್ಲ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಾನು ಇದನ್ನ ಏಳನೇ ದಿನ ತಿಳ್ಕೊಂಡೆ, ಮೊದಲೇ ಗೊತ್ತಿದ್ದರೆ ಅಷ್ಟು ದಿನ ಕಾಯ್ತಾ ಇರಲಿಲ್ಲ.

ಯಾವ ಲೈಸೆನ್ಸ್ ಬೇಕು ಅಂತಲೂ ಕೇಳಿದ್ದಿರಿ. ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಸಾಕು. 7,500 ಕೆಜಿವರೆಗಿನ ಗೂಡ್ಸ್ ಗಾಡಿ ಅದರಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಎಂಟು ವರ್ಷದ ತನಕ ಎರಡೆರಡು ವರ್ಷಕ್ಕೆ, ಆಮೇಲೆ ವರ್ಷ ವರ್ಷ.

ಎರಡೂ ಕಡೆ ಪಾರ್ಟ್ಸ್ ಕೌಂಟರಲ್ಲಿ ಏನಂದರು, ಆ ಐದು ಐಟಮ್ಮಿನ ರೇಟು ಎಷ್ಟು ಅಂತ ಇಲ್ಲೇ ಹಾಕಿ. ನನ್ನ ಹತ್ತಿರ ಈಗಿನ ಗಾಡಿಯ ಬಿಲ್ಲುಗಳಿವೆ, ಪಕ್ಕ ಇಟ್ಟು ನೋಡೋಣ.