ಡಬಲ್ ಬಾಸ್‌ಗೆ ಪಿಕಪ್ಪಾ, ಮೈಕಾ?

ಪ್ರಶ್ನೆ: ನಮಸ್ಕಾರ ಸರ್, ನಾನು ಒಂದು ಜಾಝ್ ಟ್ರಯೋದಲ್ಲಿ ಡಬಲ್ ಬಾಸ್ ನುಡಿಸ್ತೀನಿ, ಜೊತೆಗೆ ಪಿಯಾನೋ, ಡ್ರಮ್ಸ್. ಬ್ರಿಡ್ಜ್‌ಗೆ (ಸ್ಟ್ರಿಂಗ್‌ಗಳನ್ನ ಹೊತ್ತಿರೋ ಮರದ ತುಂಡು) ಅಂಟಿಸಿರೋ ಪೀಝೋ ಪಿಕಪ್‌ನ (ಕಂಪನಾನ ವಿದ್ಯುತ್ ಸಿಗ್ನಲ್ ಮಾಡೋ ಸಾಧನ) ನೇರ ಮಿಕ್ಸರ್‌ಗೆ ಹಾಕ್ತಿದೀನಿ. ಸೌಂಡ್ ತೆಳ್ಳಗೆ, ಕಟಕಟ ಅಂತ ಬರತ್ತೆ, ಏರಿಸಿದ್ರೆ ಎ ಸ್ಟ್ರಿಂಗ್ ಗುಂಯ್ ಅನ್ನೋಕೆ ಶುರು. ಪಿಕಪ್ ಬಿಟ್ಟು ಒಳ್ಳೆ ಮೈಕ್ ತಗೊಳ್ಳೋದು ಸರೀನಾ? — ಓದುಗರು, ಬೆಂಗಳೂರು

ಉತ್ತರ: ಈಗಲೇ ಮೈಕ್‌ಗೆ ದುಡ್ಡು ಹಾಕ್ಬೇಡಿ. ನಿಮ್ಮ ಪಿಕಪ್ ಕೆಟ್ಟದು ಅಂತಾನೂ ನಂಗೆ ಅನ್ನಿಸ್ತಿಲ್ಲ, ಅದನ್ನ ಹಾಕ್ತಿರೋ ಜಾಗದಲ್ಲೇ ತೊಂದರೆ ಇದೆ. ಪೀಝೋಗೆ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಇನ್‌ಪುಟ್ ಒಡ್ಡೋ ತಡೆ) ಕನಿಷ್ಠ 1 ಮೆಗಾಓಮ್, ಅಂದ್ರೆ ಹತ್ತು ಲಕ್ಷ ಓಮ್ ಬೇಕು, ಕೆಲವಕ್ಕೆ 10 ಮೆಗಾಓಮ್ ಇದ್ರೆ ಇನ್ನೂ ಚೆನ್ನ, ಮಿಕ್ಸರ್‌ನ ಮಾಮೂಲಿ ಲೈನ್ ಇನ್‌ಪುಟ್‌ನಲ್ಲಿ ಇರೋದು 10-20 ಸಾವಿರ ಓಮ್ ಆಸುಪಾಸು, ಹಾಗಾಗಿ ಕೆಳಗಿನ ಸ್ವರಗಳೆಲ್ಲ ಅಲ್ಲೇ ಸೋರಿಹೋಗಿ ಬೆರಳು ತಗುಲೋ ಸದ್ದು ಮಾತ್ರ ಉಳಿಯತ್ತೆ. ಮಧ್ಯೆ ಒಂದು ಅಕೌಸ್ಟಿಕ್ ಪ್ರೀಆಂಪ್ (ಸಿಗ್ನಲ್‌ನ ಮಿಕ್ಸರ್‌ಗೆ ಮೊದಲೇ ಹದ ಮಾಡೋ ಪೆಟ್ಟಿಗೆ), ಇಲ್ಲಾ ಪೀಝೋಗೆ ಅಂತಾನೇ ಮಾಡಿರೋ ಡಿಐ ಬಾಕ್ಸ್ (ಸಿಗ್ನಲ್‌ನ ಮಿಕ್ಸರ್‌ಗೆ ಹೊಂದೋ ಹಾಗೆ ಮಾಡೋ ಪೆಟ್ಟಿಗೆ) ಹಾಕಿ ಕೇಳಿ, ಅದೇ ಪಿಕಪ್ ಬೇರೆ ಥರ ಕೇಳ್ಸತ್ತೆ.

ಪ್ರೀಆಂಪ್ ತಗೊಳ್ಳುವಾಗ ಹೈಪಾಸ್ ಫಿಲ್ಟರ್ (ಒಂದು ಮಟ್ಟಕ್ಕಿಂತ ಕೆಳಗಿನ ಸದ್ದನ್ನ ಕತ್ತರಿಸೋದು) ಮತ್ತು ಫೇಸ್ ಸ್ವಿಚ್ (ಸಿಗ್ನಲ್‌ನ ಉಲ್ಟಾ ಮಾಡೋದು) ಎರಡೂ ಇರೋದೇ ನೋಡಿ. ಬೆರಳು ಒತ್ತದೆ ನುಡಿಸಿದ ಇ ಸ್ಟ್ರಿಂಗ್ 41 ಹರ್ಟ್ಜ್, ಎ 55. ಬಾಸ್‌ನ ಹೊಟ್ಟೆಯೊಳಗಿನ ಗಾಳಿ ತಾನಾಗಿ ಅನುರಣಿಸೋದೂ ಆ ಎ ಸುತ್ತಮುತ್ತಲೇ, ಅದಕ್ಕೇ ಫೀಡ್‌ಬ್ಯಾಕ್ (ನೀವು ಹೇಳಿದ ಆ ಗುಂಯ್) ಮೊದಲು ಅಲ್ಲೇ ಬರತ್ತೆ. ಫಿಲ್ಟರ್‌ನ 40-50 ಹರ್ಟ್ಜ್ ಹತ್ರ ಇಡಿ. ಇ ಮಾಯ ಆಗಲ್ಲ, ಮೇಲಿನ ಹಾರ್ಮೋನಿಕ್ಸ್ (ಒಂದು ಸ್ವರದ ಜೊತೆಗೇ ಬರೋ ಎತ್ತರದ ಸ್ವರಾಂಶಗಳು) ಇದ್ರೆ ಕಿವಿ ಆ ಸ್ವರಾನ ಹಿಡಿದುಬಿಡತ್ತೆ. ಆಮೇಲೆ ಫೇಸ್ ತಿರುಗಿಸಿ ನೋಡಿ, ಗುಂಯ್ ಕಡಿಮೆ ಆಗೋ ಕಡೆ ಬಿಡಿ. ಆಂಪ್‌ನ ನಿಮ್ಮ ಬಾಸ್‌ನ ಮುಖಕ್ಕೆ ತಿರುಗಿಸಿ ಇಟ್ಕೊಂಡಿದ್ರೆ ಮೊದಲು ಅದನ್ನ ಪಕ್ಕಕ್ಕೆ ಸರಿಸಿ.

ಇನ್ನು ಮೈಕ್ ವಿಷಯ. ಮರದ ಸದ್ದು, ಬೆರಳಿನ ಸದ್ದು, ಬಿಲ್ಲಿನ ಉಸಿರು, ಇದೆಲ್ಲ ಮೈಕ್‌ನಲ್ಲಿ ಬಂದಷ್ಟು ಚೆನ್ನಾಗಿ ಯಾವ ಪಿಕಪ್‌ನಲ್ಲೂ ಬರಲ್ಲ, ಇದನ್ನ ಒಪ್ಪಲೇಬೇಕು. ಡಿಪಿಎ 4099 ಥರದ ಕ್ಲಿಪ್ ಮೈಕ್ ಬ್ರಿಡ್ಜ್ ಕೆಳಗಡೆ ಕೂರತ್ತೆ, 48 ವೋಲ್ಟ್ ಫ್ಯಾಂಟಮ್ (ಮೈಕ್ ಕೇಬಲ್‌ನಲ್ಲೇ ಮಿಕ್ಸರ್ ಕೊಡೋ ವಿದ್ಯುತ್) ಬೇಕು. ಆದ್ರೆ ಡ್ರಮ್ಸ್ ಪಕ್ಕದಲ್ಲೇ ಇರೋ ಸಣ್ಣ ಸ್ಟೇಜ್‌ನಲ್ಲಿ ಅದೇ ಮೈಕ್‌ಗೆ ಸಿಂಬಲ್ಲೂ ಬೀಳತ್ತೆ, ಸೌಂಡ್ ಎಂಜಿನಿಯರ್ ಬಾಸ್ ಏರಿಸಿದಾಗೆಲ್ಲ ಸಿಂಬಲ್ಲೂ ಏರತ್ತೆ. ಅದಕ್ಕೇ ನಿಮಗೆ ಪಿಕಪ್ಪೇ ಮುಖ್ಯ ಇರಲಿ, ಮೈಕ್ ಆಮೇಲೆ ಸೇರಿಸಿದ್ರೂ ಅದರ ಕೆಳಗಿನ ಸದ್ದನ್ನ ಕತ್ತರಿಸಿ (ಲೋ ಕಟ್) ಪಿಎಗೆ, ಅಂದ್ರೆ ಪ್ರೇಕ್ಷಕರ ಕಡೆಯ ಸ್ಪೀಕರ್‌ಗಳಿಗೆ, ಸ್ವಲ್ಪ ಮಾತ್ರ ಬಿಡಿ, ಸ್ಟೇಜ್ ಆಂಪ್‌ಗೆ ಕೊಡ್ಲೇಬೇಡಿ. ಡ್ರಮ್ಸ್ ಇಲ್ಲದ ಸಣ್ಣ ಹಾಲ್‌ನಲ್ಲಿ ನುಡಿಸೋರಾಗಿದ್ರೆ ನನ್ನ ಉತ್ತರ ಪೂರ್ತಿ ಉಲ್ಟಾ ಇರ್ತಿತ್ತು.

ಪ್ರೀಆಂಪ್ ಹಾಕಿದ ಮೇಲೂ ಸಮಾಧಾನ ಆಗ್ಲಿಲ್ಲ ಅಂದ್ರೆ ಆಗ ಪಿಕಪ್ ಬದಲಾಯಿಸಿ. ಫಿಶ್‌ಮನ್ ಫುಲ್ ಸರ್ಕಲ್ ಬ್ರಿಡ್ಜ್‌ನ ಎತ್ತರ ಹೊಂದಿಸೋ ಚಕ್ರದ ಜಾಗಕ್ಕೇ ಬರತ್ತೆ, ಸ್ವರ ಸ್ಪಷ್ಟ, ಲೂಥಿಯರ್ (ತಂತಿ ವಾದ್ಯ ಮಾಡೋ, ರಿಪೇರಿ ಮಾಡೋ ಕುಶಲಕರ್ಮಿ) ಹತ್ರಾನೇ ಹಾಕಿಸ್ಬೇಕು. ರಿಯಲಿಸ್ಟ್ ಬ್ರಿಡ್ಜ್ ಕಾಲಿನ ಕೆಳಗೆ ಕೂರತ್ತೆ, ಸೌಂಡ್ ಇನ್ನೂ ದಪ್ಪ. ಮ್ಯಾಗ್ನೆಟಿಕ್ ಪಿಕಪ್ಪೂ ಸಿಗತ್ತೆ, ಗಟ್ ಸ್ಟ್ರಿಂಗ್ (ಲೋಹದ್ದಲ್ಲ, ಪ್ರಾಣಿ ಕರುಳಿನದು) ಇದ್ರೆ ಅದು ಕೆಲಸಕ್ಕೆ ಬರಲ್ಲ.

ಯಾವುದನ್ನೇ ಹಾಕಿಸಿದ್ರೂ ನಾಲ್ಕೂ ಸ್ಟ್ರಿಂಗ್ ಒಟ್ಟಿಗೆ ಸಡಿಲ ಮಾಡೋಕೆ ಹೋಗ್ಬೇಡಿ. ಒಳಗಿರೋ ಸೌಂಡ್‌ಪೋಸ್ಟ್‌ಗೆ (ಮುಂದಿನ, ಹಿಂದಿನ ಹಲಗೆಗಳ ನಡುವೆ ನಿಲ್ಲಿಸಿರೋ ಮರದ ಕಡ್ಡಿ) ಅಂಟು ಹಾಕಿರಲ್ಲ, ಬರೀ ಒತ್ತಡದ ಮೇಲೆ ನಿಂತಿರತ್ತೆ, ಬಿದ್ರೆ ಮತ್ತೆ ಲೂಥಿಯರ್ ಹತ್ರ ಹೋಗೋ ತನಕ ಬಾಸ್ ಮೂಲೆಯಲ್ಲೇ.